ಟಿಕೆಟ್ಟಿಲ್ಲದ ಹೆಂಗಸು

ಸಂಗಣ್ಣನಿಗೆ ಈಜು ಬರುತ್ತಿರಲಿಲ್ಲ. ಅವನ ಊರಿನ ಹಳ್ಳದಲ್ಲಿ ಕೊಡ ಮುಳುಗುವಷ್ಟು ನೀರಿದ್ದರೆ ಅದೇ ಹೆಚ್ಚು. ಆದರೂ ಸರ್ಜಾಪುರದಾಚೆಯ ಕೆರೆಯಲ್ಲಿ ದೋಣಿಗೆ ಹುಟ್ಟು ಹಾಕುವ ಕೆಲಸ ಸಿಕ್ಕಿತು. ಮುನ್ನೂರು ಎಕರೆ ಕೆರೆ. ಒಂದು ಕಾಲಕ್ಕೆ ಇದರ ನೀರಿಗೆ ಮೂರು ಊರಿನ ಭತ್ತ ಬೆಳೆಯುತ್ತಿತ್ತು. ಈಗ ಆ ಗದ್ದೆಗಳಲ್ಲಿ ಅಪಾರ್ಟ್‌ಮೆಂಟ್‌ಗಳಿವೆ. ಅಲ್ಲಿಯವರು ಭಾನುವಾರ ಟಿಕೆಟ್ ಕೊಂಡು ದೋಣಿ ಹತ್ತುತ್ತಾರೆ.

ಮೊದಲ ದಿನವೇ ನಲ್ಲಪ್ಪ ಏರಿಯ ಮೇಲೆ ಅವನನ್ನು ತಡೆದ. ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದ ನೀರುಗಂಟಿಗಳ ಮನೆಯ ಮುದುಕ.

"ದಡದಾಗೆ ಎಣಿಸ್ಕೊ. ನೀರ್ ಮ್ಯಾಲೆ ತಲೆ ಎಣಿಸ್ಬ್ಯಾಡ ಕಣಪ್ಪ."

"ಯಾಕ್ರೀ ಅಜ್ಜಾ?"

"ಈ ಕೆರೆ ಕಟ್ಟೋ ಕಾಲ್ದಾಗೆ ಕಟ್ಟಿದ್ ಏರಿ ನಿಲ್ತಿರ್ಲಿಲ್ಲ. ಮಾಟಗಾರ ಒಬ್ಬ ಮಣ್ಣು ಹೊರೋ ಆಳುಗಳ್ನ ಎಣಿಸ್ತಾ ಬಂದು, ಕೊನೇಲಿ ನಿಂತವ್ಳನ್ನ ಮಂತ್ರ ಕಟ್ಟಿ ತೂಬಿನಡಿ ಹೂತ. ಎಣಿಸಿದ್ರೆ ಅವ್ಳು ಲೆಕ್ಕಕ್ಕೆ ಬತ್ತಾಳೆ. ಬಂದ್ರೆ ದೋಣಿಯೋರು ಒಬ್ರನ್ನ ನೀರಾಗೆ ಬಿಟ್ಟೇ ಓಗ್ಬೇಕು."

"ಬರ್ಲಿ ಬಿಡ್ರಿ. ಆಕಿಗೂ ಒಂದ್ ಟಿಕೆಟ್ ಹರೀತೀನಿ."

ನಲ್ಲಪ್ಪ ನಗಲಿಲ್ಲ.

ಒಂದು ಭಾನುವಾರ ಸಂಜೆ, ಕೊನೆಯ ಸುತ್ತಿಗೆ, ಹೆಂಡತಿ ಮಹಾನಂದಾ ಬಂದಳು. ಅದೇ ಕೆರೆಯಲ್ಲಿ ಹೂಳೆತ್ತುವ ಕೂಲಿ ಅವಳದು. ಸೀರೆಯ ಮೇಲೆ ಗಂಡಸರ ಅಂಗಿ, ಮುಖಕ್ಕೆ ಸುತ್ತಿದ ಟವೆಲ್, ಮೊಣಕೈವರೆಗೆ ಕರಿ ಕೆಸರು. ಮೂರು ತಿಂಗಳಿಂದ ದೋಣಿ ಹತ್ತಿಸು ಎಂದು ಕಾಡುತ್ತಿದ್ದಳು.

"ದೊಡ್ಡ ಮಂದಿ ಕುಂದರ್ತಾರ. ಮೊದ್ಲ ಕೈ ತೊಳ್ಕೊ," ಎಂದು ಗದರಿ ಅವನು ಹಗ್ಗ ಬಿಚ್ಚಲು ಹೋದ. ಬರುವಷ್ಟರಲ್ಲಿ ಅವಳು ಕೊನೆಯ ಹಲಗೆಯಲ್ಲಿ, ಕೈ ಅಂಗಿಯೊಳಗೆ ಎಳೆದುಕೊಂಡು ಕೂತಿದ್ದಳು. ಲೈಫ್ ಜಾಕೆಟ್ ಇದ್ದದ್ದು ಟಿಕೆಟ್ ಕೊಂಡು ಮುಂದೆ ಕೂತಿದ್ದ ನಾಲ್ವರಿಗೆ ಮಾತ್ರ.

ನಡುನೀರಿನಲ್ಲಿ ಮೋಡ ಕವಿಯಿತು. ಕೊಳೆತ ಜೊಂಡಿನ ವಾಸನೆ ಎದ್ದಿತು. ಅವಳನ್ನು ನಗಿಸಲೆಂದು ಸಂಗಣ್ಣ ಮುದುಕನ ಕತೆ ಹೇಳಿ, ಬೆರಳು ಮಾಡಿ ಎಣಿಸಿದ.

"ಒಂದು. ಎರಡು. ಮೂರು. ನಾಕು. ಐದು."

ಬೆರಳು ನಿಲ್ಲಲಿಲ್ಲ.

"ಆರು."

ಕೊನೆಯ ಹಲಗೆಯಲ್ಲಿ ಇಬ್ಬರಿದ್ದರು. ಅದೇ ಅಂಗಿ. ಅದೇ ಟವೆಲ್. ದೋಣಿಯ ಹಿಂಬದಿ ತಗ್ಗಿತು. ನೀರು ಒಳಗೆ ನುಗ್ಗಿತು.

"ಮುಳುಗ್ತಾ ಇದೆ ಕಣ್ರೀ, ಏನಾದ್ರೂ ಮಾಡ್ರೀ," ಎಂದ ಮುಂದಿದ್ದವರಲ್ಲೊಬ್ಬ.

"ಮಹಾನಂದಾ?"

"ನಾನ ರೀ," ಎಂದರು ಇಬ್ಬರೂ.

"ಕೈ ತೋರ್ಸ್ರಿ."

ಒಬ್ಬಳ ಕೈ ತೊಳೆದಂತೆ ಬೆಳ್ಳಗಿತ್ತು. ಇನ್ನೊಬ್ಬಳದು ಕೆಸರು. ತೂಬಿನಡಿಯ ಕೆಸರು ಎಂದುಕೊಂಡ. ನೀರು ಪಾದ ಮುಚ್ಚಿತು. ಸಂಗಣ್ಣ ಕೆಸರಿನವಳ ಎದೆಗೆ ಹುಟ್ಟು ಇಟ್ಟ. ನೂಕಿದ.

ನೀರಿನಲ್ಲಿ ಅವಳ ಮುಖದ ಟವೆಲ್ ಬಿಚ್ಚಿಕೊಂಡಿತು. ಮಹಾನಂದಾ.

"ದೋಣಿ ತಪ್ಪೀತಂತ ಕೈ ತೊಳೀಲಿಲ್ಲ ರೀ," ಎಂದಳು.

ಅವನು ಹುಟ್ಟು ಚಾಚಹೋದ. ಅದು ಚಲಿಸಲಿಲ್ಲ. ದೋಣಿಯೊಳಗಿನ ತುದಿಯನ್ನು ಬೆಳ್ಳಗಿನ ಕೈಗಳು ಹಿಡಿದಿದ್ದವು. ನೀರಿನ ಗುಳ್ಳೆ ನಿಲ್ಲುವವರೆಗೂ ಬಿಡಲಿಲ್ಲ.

ದಡ ಮುಟ್ಟಿದಾಗ ಕೊನೆಯ ಹಲಗೆ ಖಾಲಿ ಇತ್ತು. ಹಿಂದೆ ಕೂತಿದ್ದವಳು ಒಬ್ಬಳೇ ಎಂದು ನಾಲ್ವರೂ ಪೊಲೀಸರಿಗೆ ಹೇಳಿದರು. ಹರಿದ ಟಿಕೆಟ್ ನಾಲ್ಕು, ಮರಳಿದವರು ನಾಲ್ವರು. ದೋಣಿ ಬಿಡುವವರ ಪುಸ್ತಕದಲ್ಲಿ ಯಾರೂ ಕಡಿಮೆಯಾಗಿರಲಿಲ್ಲ.

ಹೋದದ್ದು ಒಬ್ಬ ಹೆಂಗಸು, ಒಂದು ಅಂಗಿ, ಒಂದು ಟವೆಲ್.