ಲೈಸೆನ್ಸಿಲ್ಲದವಳ ಕಾರು

ಮುಂದಿನ ಸೀಟಿನಲ್ಲಿ ನೆಡ್ರಾಳ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. ವೆಂಡೆಲ್‌ನ ತೀರಿಹೋದ ಹೆಂಡತಿ ಮಾರ್ಲಾ ಗಿಡ್ಡ ಹೆಂಗಸು. ಸೀಟು ಅವಳು ಕೂರುತ್ತಿದ್ದ ಹಾಗೆಯೇ ಇತ್ತು. ಸರಿಸಲೇ ಎಂದು ಕೇಳಲು ನೆಡ್ರಾಳಿಗೆ ಬಾಯಿ ಬರಲಿಲ್ಲ.

"ಆರಾಮಾಗಿದೀರಾ?" ಕಾರು ಓಡಿಸುತ್ತಿದ್ದ ವೆಂಡೆಲ್ ಓರೆಗಣ್ಣಿನಲ್ಲಿ ನೋಡಿದ.

"ರಾಣಿ ಹಾಗೆ."

"ರಾಣಿಯರು ಮಂಡಿ ಮಡಚ್ಕೊಂಡು ಕೂರ್ತಾರೇನೋ."

ಎರಡು ವರ್ಷದಿಂದ ಗ್ಯಾರೇಜಿನಲ್ಲಿ ನಿಂತಿದ್ದ ಆ ಕಾರನ್ನು ಮಾರುತ್ತೇನೆಂದು ಚರ್ಚಿನ ಮೆಟ್ಟಿಲ ಮೇಲೆ ಹೇಳುವಾಗ ಅವನ ಮುಖ ಬಾಡಿತ್ತು. ನಾನೇ ಕೊಳ್ಳುತ್ತೇನೆ ಎಂದುಬಿಟ್ಟಿದ್ದಳು ನೆಡ್ರಾ. ಆ ಮುಖದ ಮೇಲೆ ಅವಳಿಗೆ ಎಷ್ಟು ದಿನದಿಂದ ಮನಸ್ಸಿತ್ತೆಂಬುದು ಅವಳಿಗೂ ದೇವರಿಗೂ ಮಾತ್ರ ಗೊತ್ತು.

ಓಹಾಯೋದ ಆ ಸಣ್ಣ ಊರಿನ ಟೈಟಲ್ ಆಫೀಸಿನಲ್ಲಿ, ಕಾರಿನ ಒಡೆತನ ಬದಲಿಸಿಕೊಡುವ ಕೌಂಟರಿನ ಹೆಂಗಸು ತಲೆಯೆತ್ತದೆ ಕೈಚಾಚಿದಳು. "ಕಾರು ಯಾರ ಹೆಸರಿಗಮ್ಮ? ನಿಮ್ಮ ಹೆಸರಿಗಾ? ಲೈಸೆನ್ಸ್ ಕೊಡಿ."

"ಮನೇಲಿ ಮರ್ತು ಬಂದೆ."

"ಅದಕ್ಕೇನಂತೆ, ಹೋಗಿ ತರೋಣ ಬನ್ನಿ," ಎಂದ ವೆಂಡೆಲ್, ಟೋಪಿ ತೆಗೆದುಕೊಂಡು.

ಅವಳ ಪರ್ಸಿನಲ್ಲಿ, ಲೈಸೆನ್ಸಿಲ್ಲದವರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ ಇತ್ತು. ಅದೇ ಸಾಕೆಂದೂ ಗೊತ್ತಿತ್ತು. ಆದರೆ ಕಾರಿಲ್ಲದೆ ಹಾಲು ತರಲೂ ಆಗದ ಊರಿನಲ್ಲಿ, ಐವತ್ತು ದಾಟಿದವಳು ಆ ಚೀಟಿ ತೋರಿಸಿದರೆ ಲೈಸೆನ್ಸ್ ಏಕಿಲ್ಲವೆಂದು ಯಾರೂ ಕೇಳಬೇಕಿಲ್ಲ, ತಾವೇ ಊಹಿಸುತ್ತಾರೆ.

ಬಾಗಿಲ ಬಳಿ ಅವಳು ನಿಂತುಬಿಟ್ಟಳು.

"ಮನೇಲೂ ಇಲ್ಲ, ವೆಂಡೆಲ್. ಕಿತ್ಕೊಂಡಿದಾರೆ, ಮೂರು ವರ್ಷ ಆಯ್ತು. ಮುಂಚೆ ಇದ್ದ ಊರಲ್ಲಿ ಕುಡಿದು ಓಡಿಸಿ ಶಾಲೆ ಬೇಲಿಗೆ ನುಗ್ಗಿಸಿದೆ. ಭಾನುವಾರ, ಮಕ್ಕಳಿರ್ಲಿಲ್ಲ. ಬೇರೆ ದಿನ ಆಗಿದ್ದಿದ್ರೆ... ಆರೋಗ್ಯಕ್ಕೆ ಅಂತ ನಡೀತೀನಿ ಅಂದದ್ದೆಲ್ಲ ಸುಳ್ಳು."

ದೇವರ ಮುಂದೆ ಇದನ್ನು ನೂರು ಸಲ ಒಪ್ಪಿಕೊಂಡಿದ್ದಳು. ಆದರೆ ದೇವರು ಮುಖ ತಿರುಗಿಸಿದರೂ ಅದು ಕಣ್ಣಿಗೆ ಕಾಣುವುದಿಲ್ಲ.

ವೆಂಡೆಲ್ ತೆರೆದಿದ್ದ ಬಾಗಿಲನ್ನು ಮುಚ್ಚಿದ. "ಈಗ?"

"ಅವತ್ತಿಂದ ಮುಟ್ಟಿಲ್ಲ."

"ಮತ್ತೆ ಆ ಹೆಂಗಸನ್ನ ಯಾಕೆ ಕಾಯಿಸ್ತಿದೀರಿ? ಬೇರೆ ಗುರುತಿನ ಚೀಟಿ ಇದ್ರೆ ಕೊಡಿ."

ಅವಳು ಕೌಂಟರಿಗೆ ಮರಳಿ ಚೀಟಿ ಕೊಟ್ಟಳು. ಕೌಂಟರಿನ ಹೆಂಗಸು ಕಾರಿನ ಪತ್ರ ತಿರುವಿ ನಿಟ್ಟುಸಿರುಬಿಟ್ಟಳು. "ಯಜಮಾನ್ರೇ, ಸಹಿ ಮೊದ್ಲೇ ಹಾಕ್ಬಿಟ್ಟಿದೀರಲ್ಲ. ನಮ್ಮ ಕಣ್ಣೆದುರಿಗೆ ಹಾಕ್ಬೇಕು. ಇದು ಕೆಟ್ಟುಹೋಯ್ತು, ಬೇರೆ ತೆಗೀಬೇಕು."

ವೆಂಡೆಲ್‌ನ ಕಿವಿ ಕೆಂಪಾಯಿತು. ಅವನು ನೆಡ್ರಾಳ ಕಡೆ ತಿರುಗಿದ. "ಬೆಳಿಗ್ಗೆ ಅಡುಗೆಮನೇಲಿ ಒಬ್ನೇ ಕೂತು ಹಾಕ್ದೆ. ಇಲ್ಲಿ ಅತ್ತುಬಿಟ್ರೆ ನೀನು ನೋಡ್ತೀಯಲ್ಲ ಅಂತ ನಾಚಿಕೆ."

ನೀನು ಎಂದದ್ದು ಅವನಿಗೆ ತಿಳಿಯಲಿಲ್ಲ. ಅವಳಿಗೆ ತಿಳಿಯಿತು.

ಹೊಸ ಪತ್ರ ಬಂತು. ಅವನು ಪೆನ್ನು ಹಿಡಿದು ಬಾಗಿದ. ಕಾಗದ ಸರಿಯದಂತೆ ಅವಳು ಅಂಚನ್ನು ಒತ್ತಿ ಹಿಡಿದಳು.

ಕಾರಿನಲ್ಲಿ ನೆಡ್ರಾ ಮತ್ತೆ ಮಂಡಿ ಮಡಚಿ ಕೂತಳು. ಅವನು ಕೀಲಿ ತಿರುಗಿಸಲಿಲ್ಲ.

"ಸೀಟಿನ ಕೆಳಗೊಂದು ಹಿಡಿ ಇದೆ," ಎಂದ, ಮುಂದಕ್ಕೇ ನೋಡುತ್ತ. "ಹಿಂದಕ್ಕೆ ಸರಿಸ್ಕೋ. ದಿನಾ ಕೂರೋಳಿಗೆ ಕಾಲು ನೋಯಬಾರದು."

ಅವಳ ಕೈ ಕೆಳಗೆ ತಡಕಾಡಿತು. ಎರಡು ವರ್ಷ ಅಲುಗದೆ ಇದ್ದ ಸೀಟು ಮೊದಲ ಎಳೆತಕ್ಕೆ ಜಗ್ಗಲಿಲ್ಲ. ಆಗ ಅವನೂ ಕೈ ಹಾಕಿದ.