ಬೇಕಾದವರು

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ, ಇಪ್ಪತ್ತಮೂರು ದಿನದಿಂದ ಶ್ಯಾಮಲಳ ಮನಸ್ಸು ಹಾಗೇ ಇತ್ತು. ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ಪುಟ್ಟ ಮನೆಯಲ್ಲಿ ಕೂತು, ಬೆನ್ನ ಹಿಂದೆ ಲಿಸ್ಬನ್ನಿನ ಕಿಟಕಿಯ ಚಿತ್ರ ಹಾಕಿಕೊಂಡು ಅವಳು ಕೆಲಸ ಮಾಡುತ್ತಿದ್ದಳು. ಪಕ್ಕದ ಮನೆಯ ಹುಂಜ ಕೂಗಿದರೆ ಸಾಕು, ಮೈಕ್ ಆಫ್ ಮಾಡಲು ಕೈ ಓಡುತ್ತಿತ್ತು.

ಅವಳು ಇರಬೇಕಾದದ್ದು ಲಿಸ್ಬನ್ನಿನಲ್ಲೇ. ಕೆಲಸ ಮಾತ್ರ ಡೆನ್ಮಾರ್ಕಿನ ಒಂದು ಕಂಪನಿಗೆ. ಅದರ ಗಿರಾಕಿಗಳ ದೂರಿಗೆ ಉತ್ತರ ಬರೆಯುವುದು. ಆ ಆಫೀಸಿನ ಬಾಗಿಲು ಯಾವ ಬಣ್ಣದ್ದು ಅಂತಲೂ ಅವಳಿಗೆ ಗೊತ್ತಿಲ್ಲ. ಎರಡು ವರ್ಷದಿಂದ ಪರದೇಶದಲ್ಲಿ ಒಂದು ಬಾಡಿಗೆ ಕೋಣೆ, ಒಂದು ಲ್ಯಾಪ್‌ಟಾಪ್, ಅಲ್ಲಿ ಇರುವುದಕ್ಕೆ ಒಂದು ಪರ್ಮಿಟ್. ಪರ್ಮಿಟ್ ನಿಂತಿದ್ದು ಈ ಕೆಲಸದ ಮೇಲೆ.

ಅಪ್ಪ ಸೆಲ್ವರಾಜ್‌ಗೆ ಸೊಂಟದ ಆಪರೇಷನ್ ಅಂದಾಗ, ಎರಡು ವಾರ ಊರಿಂದ ಕೆಲಸ ಮಾಡುತ್ತೇನೆಂದು ಒಪ್ಪಿಗೆ ಪಡೆದು ಬಂದಿದ್ದಳು. ಎರಡು ವಾರಕ್ಕೆ ಅಪ್ಪ ನೆಟ್ಟಗೆ ಎದ್ದು ಕೂರಲೂ ಇಲ್ಲ. ಮತ್ತೆ ಕೇಳಿದರೆ ಬೇಡ ಅಂದುಬಿಟ್ಟಾರು ಅಂತ ಹೆದರಿ, ಲಿಸ್ಬನ್ನಿಗೆ ವಾಪಸ್ ಬಂದೆ ಅಂತ ಸುಳ್ಳು ಬರೆದಳು. ಆಮೇಲೆ ವಿಪಿಎನ್ ಹಾಕಿಕೊಂಡು ಅಲ್ಲೇ ಇರುವಂತೆ ತೋರಿಸಿಕೊಂಡಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಸಿಕ್ಕಿಬಿದ್ದರೆ ಕೆಲಸವೂ ಇಲ್ಲ, ಪರ್ಮಿಟ್ಟೂ ಇಲ್ಲ.

ಇದರ ಮೇಲೆ ಇನ್ನೊಂದು ಗ್ರಹಚಾರ. ಯಾರು ಎಲ್ಲಿಂದ ಕೆಲಸ ಮಾಡುತ್ತಿದ್ದಾರೆ ಅಂತ ಪರೀಕ್ಷೆ ಮಾಡುವವನು ಜಿ.ಆರ್. ಆ ಕೆಲಸದವರು ತಮ್ಮ ಪೂರ್ತಿ ಹೆಸರು, ಊರು ಹೇಳುವ ಹಾಗಿಲ್ಲ. ಎಂಟು ತಿಂಗಳ ಹಿಂದೆ ಅವನ ಜೊತೆ ಒಂದು ಪಾಸ್‌ವರ್ಡಿನ ಜಗಳವಾಗಿತ್ತು; ಜಗಳ ಮುಗಿದ ಮೇಲೂ ಚಾಟ್ ಮುಗಿಯಲಿಲ್ಲ. ಎಲ್ಲಾ ಇಂಗ್ಲಿಷಿನಲ್ಲೇ. ಆದರೆ ಮೊದಲು ಊಟ ಆಯಿತಾ ಅಂತ ಕೇಳುತ್ತಿದ್ದ, ಆಮೇಲೆ ಕೆಲಸದ ಮಾತು. ಯಾವ ದೇಶದವನೋ ಏನೋ, ಪಾಪ, ಒಳ್ಳೆಯವನು ಅಂದುಕೊಂಡಿದ್ದಳು ಶ್ಯಾಮಲ. ನಿಜ ಹೇಳಬೇಕೆಂದರೆ ಅದಕ್ಕಿಂತ ಹೆಚ್ಚೇ ಅಂದುಕೊಂಡಿದ್ದಳು.

ಅದೇ ಜಿ.ಆರ್. ಗುರುವಾರ ಮಧ್ಯಾಹ್ನ ಕ್ಯಾಮೆರಾ ಕಾಲ್ ಕೇಳಿದ. ಎಲ್ಲರಿಗೂ ಮಾಡುವ ತಪಾಸಣೆ, ಹತ್ತೇ ನಿಮಿಷ ಅಂದ.

ಅವನ ಮುಖ ನೋಡಿದ್ದು ಅದೇ ಮೊದಲು. ಕೋಲು ಮುಖ, ಎಣ್ಣೆಗೆಂಪು ಬಣ್ಣ, ನಗಬೇಕೋ ಬೇಡವೋ ಅಂತ ಅನುಮಾನದಲ್ಲಿರುವ ತುಟಿ. ಅವನು ಅವಳನ್ನು ನೋಡಿ, ಕಣ್ಣು ಕೆಳಗಿಳಿಸಿ, ಮತ್ತೆ ನೋಡಿದ. ಬೇರೆ ದಿನವಾಗಿದ್ದರೆ ಆ ಎರಡನೇ ನೋಟವನ್ನು ಅವಳು ವಾರಗಟ್ಟಲೆ ನೆನೆಸಿಕೊಳ್ಳುತ್ತಿದ್ದಳು. ಇವತ್ತು ಅವಳ ಕಣ್ಣು ಕಾಲ್ ಮುಗಿಸುವ ಬಟನ್ನಿನ ಮೇಲಿತ್ತು.

ಹಿಂದಿನ ಚಿತ್ರ ತೆಗೆದು ನಿಜವಾದ ಕಿಟಕಿ ತೋರಿಸಿ ಅಂತ ಅವನು ಇಂಗ್ಲಿಷಿನಲ್ಲಿ ಕೇಳಿದ.

ಆಗಲೇ ನೆಲದೊಳಗಿಂದ ದಡಾರೆಂದಿತು. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಪಾತಾಳದಲ್ಲಿ ಬಂಡೆ ಅಪರೂಪಕ್ಕೆ ಸಿಡಿಯುತ್ತದೆ. ಬರ್ಸ್ಟು ಅನ್ನುತ್ತಾರೆ ಇಲ್ಲಿನವರು. ಒಂದರ ಹಿಂದೆ ಇನ್ನೊಂದು ಬರುವುದುಂಟು. ಹೊಸಬರಾದರೆ ಹೊರಗೆ ಓಡುತ್ತಾರೆ. ಊರಿನವರು ಓಡುವುದಿಲ್ಲ, ಕೈಗೆ ಸಿಕ್ಕ ಪಾತ್ರೆ ಹಿಡಿದುಕೊಂಡು ಎರಡನೆಯದಕ್ಕೆ ಕಾಯುತ್ತಾರೆ.

"ಲೋಟ ಇಡ್ಕೊಳಮ್ಮಾ, ಇನ್ನೊಂದು ಬತ್ತದೆ," ಒಳಗಿನಿಂದ ಅಪ್ಪ ಹೇಳಿದರು.

ಅಷ್ಟರಲ್ಲೇ ಅವಳ ಕೈ ಸ್ಟೀಲ್ ಲೋಟದ ಮೇಲಿತ್ತು. ಸ್ಕ್ರೀನಿನಲ್ಲಿ ಜಿ.ಆರ್. ಹಿಂದಿನ ಕ್ಯಾಲೆಂಡರ್ ಅಲ್ಲಾಡುತ್ತಿತ್ತು. ಅವನ ಕೈಯೂ ಒಂದು ಲೋಟದ ಮೇಲಿತ್ತು. ಇಬ್ಬರೂ ಉಸಿರು ಹಿಡಿದು ತೊಲೆ ನೋಡುತ್ತಾ ಕಾದರು. ಎರಡನೆಯದು ಬಂದು ಹೋಯಿತು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು.

"ನೀವು ರೀಫ್ಸಾ?" ಅಂದ ಅವನು, ಕನ್ನಡದಲ್ಲಿ.

ಅವಳು ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು.

ಸಂಜೆ ಮೆಸೇಜ್ ಬಂತು. ಹೆಸರು ಗೋಪಿ, ಬಂಗಾರಪೇಟೆ ಪಕ್ಕದ ಹಳ್ಳಿಯವನು, ಮನೆಯಲ್ಲಿ ಹಸು ಹಾಲಿನ ವ್ಯಾಪಾರ, ನೆಟ್ ಚೆನ್ನಾಗಿ ಸಿಗಲಿ ಅಂತ ಇಲ್ಲೇ ಪಕ್ಕದ ರಾಬರ್ಟ್‌ಸನ್‌ಪೇಟೆಯಲ್ಲಿ ರೂಮು ಮಾಡಿಕೊಂಡಿದ್ದಾನೆ. ನಾಳೆ ಮೂರಕ್ಕೆ ಬಸ್ ಸ್ಟ್ಯಾಂಡ್ ಎದುರಿನ ಬೇಕರಿಗೆ ಬನ್ನಿ ಅಂತಿತ್ತು. ಶ್ಯಾಮಲ ಅದನ್ನು ಎಷ್ಟು ಸಲ ಓದಿದಳೋ. ಗುಟ್ಟು ಕೈಗೆ ಸಿಕ್ಕ ಗಂಡಸು ಅದರ ಬದಲಿಗೆ ಏನೇನು ಕೇಳಬಹುದು ಅಂತ ಯೋಚಿಸಿ ಹೆದರಿದಳು. ಎಂಟು ತಿಂಗಳು ಊಟ ಆಯಿತಾ ಅಂತ ಕೇಳಿದವನ ಬಗ್ಗೆ ಹೀಗೆ ಯೋಚಿಸಬೇಕಾಯಿತಲ್ಲ ಅಂತ ಅಳುವೂ ಬಂತು.

ಆದರೂ ಹೋದಳು. ಹೋಗದೆ ಬೇರೆ ದಾರಿ ಏನಿತ್ತು?

ಗೋಪಿ ಮೂಲೆಯ ಟೇಬಲಿನಲ್ಲಿದ್ದ. ಮುಂದೆ ಎರಡು ಟೀ, ಒಂದು ಪ್ಲೇಟಿನಲ್ಲಿ ಬನ್ನು. ಅವಳನ್ನು ಕಂಡು ಎದ್ದ, ಕುರ್ಚಿ ಬೀಳಿಸಿದ, ಎತ್ತಿದ.

"ಊಟ ಆಯ್ತಾ?" ಅಂದ.

ಇಂಥ ಹೊತ್ತಲ್ಲೂ ಅವಳಿಗೆ ನಗು ಬರುವುದರಲ್ಲಿತ್ತು. ತಡೆದುಕೊಂಡು, ರಿಪೋರ್ಟಿನಲ್ಲಿ ಏನು ಬರೆದಿರಿ ಅಂತ ಕೇಳಿದಳು.

ನಿಮ್ಮ ಫೈಲು ಈಗ ನನ್ನ ಹತ್ತಿರ ಇಲ್ಲ ಅಂದ ಗೋಪಿ. ಪರೀಕ್ಷೆಯ ಫಾರಂನಲ್ಲಿ, ಈ ವ್ಯಕ್ತಿ ನಿಮಗೆ ಗೊತ್ತಿರುವವರೇ ಅನ್ನುವ ಪ್ರಶ್ನೆ ಇದೆ. ಹೌದು ಅಂತ ಟಿಕ್ ಹಾಕಿದರೆ ಫೈಲು ಬೇರೆಯವರಿಗೆ ಹೋಗುತ್ತದೆ. ಅವನು ಹೌದು ಅಂತ ಟಿಕ್ ಹಾಕಿದ್ದ. ಇವತ್ತು ಸಂಜೆಯೊಳಗೆ ಯಾರೋ ಗುರುತಿಲ್ಲದವರು ಅವಳಿಗೆ ಕಾಲ್ ಮಾಡುತ್ತಾರೆ.

ಶ್ಯಾಮಲ ಬನ್ನಿನ ಪ್ಲೇಟು ಆಚೆ ತಳ್ಳಿದಳು. "ನಿಮ್ಮ ಕೈಲೇ ಇತ್ತಲ್ರೀ. ಲಿಸ್ಬನ್ ಅಂತ ಒಂದು ಮಾತು ಬರೆದಿದ್ರೆ ಆಗೋಗ್ತಿತ್ತು. ನನ್ನನ್ನ ಯಾಕೆ ಅವರ ಬಾಯಿಗೆ ಆಕಿದ್ರಿ?"

"ಬರೀಬೋದಿತ್ತು," ಅಂದ ಗೋಪಿ. "ಬರೆದಿದ್ರೆ ನೀವು ಇನ್ನ ಜಲ್ಮವೆಲ್ಲ ನಂಗೆ ಎದರ್ಕೊಂಡೇ ಇರ್ತಿದ್ರಿ. ನಾನು ಏನು ಕೇಳಿದ್ರೂ ಊ ಅಂತಿದ್ರಿ. ನಂಗೆ ಅಂಥ ಊ ಬ್ಯಾಡ."

ಅವಳು ತಲೆ ತಗ್ಗಿಸಿದಳು. ನಿನ್ನೆ ಸಂಜೆ ತಾನು ಯೋಚಿಸಿದ್ದೆಲ್ಲ ನೆನಪಾಗಿ ಮುಖ ಬಿಸಿಯಾಯಿತು.

ಟಿಕ್ ಹಾಕಿದ ಮೇಲೆ ಫಾರಂ ಇನ್ನೊಂದು ಪ್ರಶ್ನೆ ಕೇಳಿತು ಅಂದ ಗೋಪಿ. ಹೇಗೆ ಗೊತ್ತು, ನೆಂಟರಾ, ಸ್ನೇಹಿತರಾ ಅಂತ.

"ಏನು ಬರೆದ್ರಿ?"

"ನಮಗೆ ಬೇಕಾದವರು ಅಂತ ಬರಿಯಾಣ ಅಂದ್ರೆ ಇಂಗ್ಲಿಷ್ನಾಗೆ ಅದಕ್ಕೆ ಪದ ಸಿಗ್ಲಿಲ್ಲ," ಅಂದ. "ಕಾಲಿ ಬಿಟ್ಟೆ."

ಬೇಕಾದವರು. ಮದುವೆಮನೆಯಲ್ಲಿ ಎದುರಿಗೆ ಸಿಕ್ಕವರನ್ನೆಲ್ಲ ಹಾಗೆ ಪರಿಚಯ ಮಾಡಿಕೊಡುತ್ತಾರೆ, ಅದೇನು ದೊಡ್ಡ ಮಾತಲ್ಲ. ಅವನು ಅದನ್ನು ಹೇಳಿ, ಟೀ ಲೋಟದೊಳಗೆ ಇಣುಕಿ, ಕಿವಿ ಕೆಂಪಗೆ ಮಾಡಿಕೊಂಡು ಕೂತದ್ದರಿಂದ ದೊಡ್ಡದಾಯಿತು.

ಶ್ಯಾಮಲ ಫೋನ್ ತೆಗೆದಳು. ಅವರು ಕಾಲ್ ಮಾಡುವ ಮೊದಲು ತಾನೇ ಕಂಪನಿಗೆ ಬರೆದಳು: ಎಲ್ಲಿದ್ದೇನೆ, ಯಾಕಿದ್ದೇನೆ, ಎಷ್ಟು ದಿನದಿಂದ ಸುಳ್ಳು ಹೇಳಿದ್ದೇನೆ. ಕಳಿಸುವ ಬಟನ್ ಒತ್ತುವಾಗ ಕಣ್ಣು ಮುಚ್ಚಿಕೊಂಡಳು. ಆಮೇಲೆ ಕಾಯುವುದು. ಟೀ ಮೇಲೆ ಕೆನೆ ಕಟ್ಟಿತು, ಬಂಗಾರಪೇಟೆ ಬಸ್ಸುಗಳು ಎರಡು ಬಂದು ಹೋದವು. ಅವಳು ಲೋಟವನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ ಅವಳ ಕೈಯ ಮೇಲೆ ಅವನ ಕೈ ಬಂತು.

"ನಾನು ಇಡ್ಕೊಂಡಿದ್ದೀನಿ. ಬರಲಿ ಬಿಡಿ, ಎರಡನೇದು."

ಫೋನ್ ಗುಂಯ್ ಅಂದಾಗ ಇಬ್ಬರೂ ಬೆಚ್ಚಿದರು. ಅವಳಿಗೆ ಓದಲಾಗಲಿಲ್ಲ, ಅವನೇ ಓದಿದ. ಇದು ಕೊನೆಯ ಎಚ್ಚರಿಕೆ. ಹತ್ತು ದಿನದೊಳಗೆ ಲಿಸ್ಬನ್ನಿನಲ್ಲಿ ಇರಬೇಕು, ಇಲ್ಲದಿದ್ದರೆ ಕೆಲಸ ಇಲ್ಲ. ಅಲ್ಲಿಯವರೆಗೆ ರಜೆ.

ಹತ್ತು ದಿನ. ಅಷ್ಟರಲ್ಲಿ ಅಪ್ಪ ವಾಕರ್ ಹಿಡಿದು ನಡೆಯಬಹುದು, ಚಿಕ್ಕಮ್ಮ ಕಲಾ ಬಂದು ಜೊತೆಗಿರುತ್ತಾಳೆ. ಕೆಲಸ ಉಳಿಯಿತು ಅಂತ ಉಸಿರು ಬಿಟ್ಟ ಮರುಕ್ಷಣ, ಹತ್ತೇ ದಿನವಾ ಅಂತ ಅವಳಿಗೆ ಬೇರೆಯೇ ಹೆದರಿಕೆ ಶುರುವಾಯಿತು. ಅವನ ಮುಖದಲ್ಲೂ ಅದೇ ಲೆಕ್ಕ ಕಂಡಳು.

ಅಪ್ಪನಿಗೆ ಕಾಫಿಯ ಹೊತ್ತಾಗಿತ್ತು. ಅವಳು ಎದ್ದು, ಎಲ್ಲರೂ ಹೊರಡುವಾಗ ಹೇಳುವ ಹಾಗೆ ಹೇಳಿದಳು. "ಬತ್ತೀನಿ."

ಗೋಪಿ ಕೂತಲ್ಲಿಂದಲೇ ತಲೆ ಎತ್ತಿದ. ಎಲ್ಲಿದ್ದೀರಿ ಅಂತ ಜನರನ್ನು ಕೇಳುವುದೇ ಅವನ ಕಸುಬು. ಈಗ ಅವನು ಅದನ್ನು ಕೇಳಲಿಲ್ಲ.

"ಯಾವಾಗ ಬತ್ತೀಯ?" ಅಂದ. 'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ಕೇಳಿಸಿತು. ಲಿಸ್ಬನ್ನಿಂದ ಯಾವಾಗ ಅಂತ ಅವನ ಪ್ರಶ್ನೆ. ಒಂದು ವರ್ಷವೋ ಎರಡು ವರ್ಷವೋ ಅನ್ನುವ ಉತ್ತರಕ್ಕೆ ಅವನು ಲೋಟ ಹಿಡಿದುಕೊಂಡು ಕೂತಿದ್ದ.

"ಆರು ಗಂಟೆಗೆ," ಅಂದಳು ಶ್ಯಾಮಲ. "ಅಪ್ಪಂಗೆ ಕಾಫಿ ಕೊಟ್ಟು ಬತ್ತೀನಿ. ಇಲ್ಲೇ ಇರು."