ಬಿಡು ಅಂದದ್ದು ಯಾರು?

ಚಿಕ್ಕ ಲೋಡರಿನ ಬಕೆಟ್ಟು ಮೂತಿ ಊರಿ ಬಿದ್ದಿತ್ತು. ಅದರ ಎರಡು ಕಬ್ಬಿಣದ ತೋಳುಗಳ ಕೆಳಗೆ ಎಣ್ಣೆ ಹರಿದು, ಜಲ್ಲಿಪುಡಿಯ ಮೇಲೆ ಕಪ್ಪು ಮಡುವಾಗಿತ್ತು. ಮಡುವಿನ ಅಂಚಿನಲ್ಲಿ ಒಂದು ಬೂಟು.

“ಬೂಟಿನವರು?” ಇನ್ಸ್‌ಪೆಕ್ಟರ್ ಕೇಳಿದಳು.

“ಆಸ್ಪತ್ರೆ ಮುಟ್ಟೋ ಮುಂಚೆನೇ ಹೋದ್ರಂತೆ ಮೇಡಂ,” ಎಂದ ಪೇದೆ. “ಆಸ್ಪತ್ರೆಯಿಂದ ಫೋನ್ ಬಂದಿತ್ತು.”

ಸತ್ತವನು ಈ ಜಲ್ಲಿ ಕ್ರಷರಿನ ಮೇಸ್ತ್ರಿ. ಇಲ್ಲಿನ ಗಾಡಿಗಳ ರಿಪೇರಿಯೆಲ್ಲ ಅವನದೇ. ಎತ್ತಿ ನಿಲ್ಲಿಸಿದ ತೋಳುಗಳ ಕೆಳಗೆ ನಿಂತು ಸೋರುವ ಪೈಪು ಬಿಚ್ಚುತ್ತಿದ್ದ. ತೋಳು ಬಿತ್ತು.

ಮ್ಯಾನೇಜರ್ ಆಫೀಸಿನಿಂದ ಇಳಿದು ಬಂದ. ಇಸ್ತ್ರಿ ಮಾಡಿದ ಅಂಗಿ, ಮೂಗಿಗೆ ಕರವಸ್ತ್ರ. ಬಂದು ಇನ್ನೂ ನಾಲ್ಕು ತಿಂಗಳಾಗಿಲ್ಲವಂತೆ.

“ಯಾರ ಮೇಲೂ ಗೂಬೆ ಕೂರಿಸೋಕೆ ನಂಗಿಷ್ಟ ಇಲ್ಲ ಮೇಡಂ. ಆದ್ರೆ ಕಣ್ಣಾರೆ ಕಂಡದ್ದನ್ನ ಹೇಳದೆ ಇರೋಕಾಗುತ್ತಾ?”

“ಹೇಳಿ.”

“ಕಿಟಕೀಲಿ ನಿಂತಿದ್ದೆ. ಮೇಸ್ತ್ರಿ ಕೆಳಗೆ. ಈ ಗಾಡಿ ಓಡಿಸೋನು ಅವನ ಅಕ್ಕನ ಮಗ, ಎಲ್ರೂ ಅಳಿಯ ಅಂತಾರೆ. ಅವನು ಮೇಲೆ ಕ್ಯಾಬಿನ್‌ನಲ್ಲಿ. ಯಾವುದೋ ಲಿವರ್ ಮುಟ್ಟಿದ. ಮೇಸ್ತ್ರಿ ‘ಬಿಡು, ಬಿಡು’ ಅಂತ ಕೂಗಿದ. ಮುಟ್ಟಬೇಡ ಅನ್ನೋ ಅರ್ಥದಲ್ಲಿ. ಅಳಿಯ ಏನಂದ್ಕೊಂಡ? ಕೆಳಗೆ ಬಿಡು ಅಂದ್ಕೊಂಡ. ಬಿಟ್ಟ. ಪಾಪ, ಬೇಕಂತ ಮಾಡಿದ್ದಲ್ಲ ಬಿಡಿ.”

“ಎಂಜಿನ್ ಆಫ್ ಇತ್ತಲ್ಲ?”

“ಆಫ್ ಇದ್ರೂ ಲಿವರ್ ತಳ್ಳಿದ್ರೆ ತನ್ನ ಭಾರಕ್ಕೇ ಇಳಿಯುತ್ತೆ. ಹಳೇ ಗಾಡಿ.”

ಒಪ್ಪುವ ಮಾತೇ. ಗಾಡಿಯ ಪಕ್ಕಕ್ಕೆ ಅಂಟಿಸಿದ ಚಿತ್ರವೊಂದನ್ನು ಇನ್ಸ್‌ಪೆಕ್ಟರ್ ನೋಡಿದಳು. ಎತ್ತಿದ ತೋಳು, ಕೆಳಗೆ ಮನುಷ್ಯ, ಅವನ ಮೇಲೆ ಕೆಂಪು ಗೀಟು. ಚಿತ್ರದ ಪಕ್ಕದಲ್ಲೇ ಕೊಂಡಿಗೆ ತೂಗುಹಾಕಿದ, ಕೆಂಪು ಬಣ್ಣದ ಉದ್ದನೆಯ ಉಕ್ಕಿನ ತುಂಡು.

“ಇದೇನು?”

“ಊರುಗೋಲು ಅಂತಾರೆ ಇಲ್ಲಿ. ತೋಳೆತ್ತಿದಾಗ ಸಿಲಿಂಡರಿಗೆ ಕೊಡೋ ಆಸರೆ. ಅದನ್ನ ಕೊಟ್ಟಿದ್ರೆ ಲಿವರಲ್ಲ, ಏನು ಮುಟ್ಟಿದ್ರೂ ತೋಳು ಇಳೀತಿರ್ಲಿಲ್ಲ. ಮೇಸ್ತ್ರಿಗೆ ಉದಾಸೀನ. ಹೋದವರ ಬಗ್ಗೆ ಯಾಕೆ, ಬಿಡಿ.”

* * *

ಅಳಿಯನನ್ನು ಸ್ಟೋರಿನಲ್ಲಿ ಕೂರಿಸಿದ್ದರು. ಇಪ್ಪತ್ತೈದರ ಆಸುಪಾಸು. ಅಂಗಿಯ ಎದೆಭಾಗ ಪೂರ್ತಿ ಮಾವನ ರಕ್ತ. ಕಾಲ ಬಳಿ ಗ್ರೀಸಿನ ಡಬ್ಬ.

“ನಾನು ಕ್ಯಾಬಿನ್‌ನಲ್ಲೇ ಇರ್ಲಿಲ್ಲ ಮೇಡಂ. ಗ್ರೀಸ್ ತರೋಕೆ ಇಲ್ಲಿಗೆ ಬಂದಿದ್ದೆ.”

“ಯಾರಾದ್ರೂ ನೋಡಿದ್ರಾ?”

“ಇಲ್ಲ.”

“ಊರುಗೋಲು ಯಾಕೆ ಕೊಟ್ಟಿರ್ಲಿಲ್ಲ?”

ಅವನು ತಲೆಯೆತ್ತಿದ. “ಕೊಟ್ಟಿರ್ಲಿಲ್ವಾ? ನಾನೇ ಒಂದು ಕೈಲಿ ಎತ್ತಿ ಕೊಟ್ಟೆ, ಮಾವ ಕೂರಿಸಿದ್ರು. ಪಿನ್ ಹಾಕಿದ್ರು. ಅದಾದ ಮೇಲೇ ಅವರು ತೋಳಿನ ಕೆಳಗೆ ಹೋಗಿದ್ದು.”

“ಮತ್ತೆ ಅದು ಕೊಂಡೀಲಿ ನೇತಾಡ್ತಿದೆಯಲ್ಲಪ್ಪ.”

ಅವನು ಬಾಗಿಲಾಚೆ ಗಾಡಿಯತ್ತ ಕತ್ತು ಚಾಚಿದ.

“ಬೆಳಿಗ್ಗೆ ಮಾವನ ಜೊತೆ ಜಗಳ ಆಡಿದ್ಯಂತೆ.”

“ಗಾಡಿಯಿಂದ ಧುಮುಕಿ ಇಳಿದೆ. ಏಣಿ ಕಡೆ ಮುಖ ಮಾಡಿ, ಹಿಡ್ಕೊಂಡು ಇಳಿಯೋಕೆ ಏನು ರೋಗ ಅಂತ ಎಲ್ಲರೆದುರು ಬೈದ್ರು. ನಾನೂ ಎದುರಾಡ್ದೆ. ‘ನಂದೇ ಕಾಲು, ಮುರಿದ್ರೆ ನಂಗೆ’ ಅಂದೆ.” ಅವನು ಅಂಗೈ ನೋಡಿಕೊಂಡ. “ಅಪ್ಪ ಸತ್ತ ಮೇಲೆ ನನ್ನ ಸಾಕಿದ್ದು ಅವರೇ. ಅತ್ತೆ ಆಗ್ಲೇ ಫೋನ್ ಮಾಡಿದ್ರು. ‘ನಿನ್ನ ಕೈಯಲ್ಲೇ ಹೋದ್ರಂತಲ್ಲೋ’ ಅಂದ್ರು. ಕಟ್ ಮಾಡಿದ್ರು.”

“ಅತ್ತೆಗೆ ಹಾಗಂತ ಹೇಳಿದ್ದು ಯಾರು?”

“ಮ್ಯಾನೇಜರ್.”

ಇನ್ಸ್‌ಪೆಕ್ಟರ್ ಹೊರಗೆ ಬಂದಳು. ಸುಳ್ಳು ಹೇಳುವವರನ್ನು ಅವಳು ದಿನಾ ನೋಡುತ್ತಾಳೆ. ಅವರ ಸುಳ್ಳಿನಿಂದ ಅವರಿಗೆ ಏನಾದರೊಂದು ಲಾಭವಿರುತ್ತದೆ. ಊರುಗೋಲು ಕೊಟ್ಟಿದ್ದೆ ಅನ್ನುವುದರಿಂದ ಈ ಅಳಿಯನಿಗೆ ಏನು ಲಾಭ? ಮರೆತೆವು ಅಂದಿದ್ದರೆ ಅರ್ಧ ತಪ್ಪು ಮಾವನ ಮೇಲೆ ಹೋಗುತ್ತಿತ್ತು. ಕಣ್ಣೆದುರಿಗೆ ನೇತಾಡುವ ವಸ್ತುವಿನ ಬಗ್ಗೆ ಇಂಥ ದಡ್ಡ ಸುಳ್ಳನ್ನು ಯಾರು ಹೇಳುತ್ತಾರೆ?

ಆದರೂ ಕಿಟಕಿಯಲ್ಲಿ ನಿಂತು ನೋಡಿದ ಸಾಕ್ಷಿ ಇದೆ. ಬೆಳಗಿನ ಜಗಳವೂ ಇದೆ. ಸಂಜೆಯೊಳಗೆ ಅಳಿಯನನ್ನು ಒಳಗೆ ಹಾಕಲು ಅಷ್ಟು ಸಾಕು.

* * *

ತಗಡಿನ ಚಪ್ಪರದ ಕೆಳಗೆ ಕೆಲಸದವರು ಟೀ ಲೋಟ ಹಿಡಿದು ಕೂತಿದ್ದರು. ಯಾರೂ ಕುಡಿಯುತ್ತಿರಲಿಲ್ಲ. ಡೋಜರ್ ಓಡಿಸುವವನೊಬ್ಬನೇ ಏನೋ ಗೊಣಗುತ್ತಿದ್ದ. ಬಿಸಿಲಿದ್ದರೆ ಬಿಸಿಲಿಗೆ, ನೆರಳಿದ್ದರೆ ನೆರಳಿಗೆ ಗೊಣಗುವವನು. ಅದಕ್ಕೇ ಅವನಿಗೆ ಗೊಣಗಪ್ಪ ಎಂದೇ ಹೆಸರು.

“ಮಾವ ಅಳಿಯ ದಿನಾ ಕಚ್ಚಾಡೋರೇ ಮೇಡಂ. ಮಧ್ಯಾಹ್ನ ಒಂದೇ ಡಬ್ಬೀಲಿ ಉಣ್ಣೋರು.”

“ಜಗಳದ ವಿಷಯ ಬಿಡಿ,” ಎಂದಳು ಇನ್ಸ್‌ಪೆಕ್ಟರ್. “ನೀವು ಎಲ್ಲಿದ್ರಿ?”

ಎಲ್ಲರೂ ಒಟ್ಟಿಗೆ ಅವಳತ್ತ ತಿರುಗಿದರು. ಯಾರೋ ಒಬ್ಬನಿಗೆ ನಗು ಬಂತು. ಬಂದದ್ದನ್ನು ನುಂಗಿಕೊಂಡ.

“ಟೀ ನಿಮ್ದು ಮೇಡಂ,” ಎಂದ ಗೊಣಗಪ್ಪ. ಅಂದವನೇ ನಾಲಿಗೆ ಕಚ್ಚಿಕೊಂಡ. “ತಪ್ಪು ತಿಳೀಬೇಡಿ. ಅಭ್ಯಾಸ.”

“ಏನದು?”

“ಆ ಮಾತು ಇಲ್ಲಿ ಆಡೋ ಹಾಗಿಲ್ಲ. ಆಡಿದೋರು ಎಲ್ರಿಗೂ ಟೀ ಕೊಡಿಸ್ಬೇಕು. ಮೇಸ್ತ್ರಿ ಮಾಡಿದ್ದು. ಹಿಂದೊಮ್ಮೆ ಕಲ್ಲು ಎತ್ತೋವಾಗ ಒಬ್ಬ ಆ ಮಾತು ಕೂಗಿದ, ಮುಟ್ಟಬೇಡ ಅಂತ. ಇನ್ನೊಬ್ಬ ಕೆಳಗೆ ಇಳಿಸು ಅಂದ್ಕೊಂಡ. ನೋಡಿ.” ಗೊಣಗಪ್ಪ ಎಡಗಾಲಿನ ಬೂಟು ಕಳಚಿದ. ಎರಡು ಬೆರಳು ಇರಲಿಲ್ಲ. “ಅವತ್ತಿಂದ ಇಳಿಸೋಕೆ ‘ಇಳಿಸು’. ನಿಲ್ಲಿಸೋಕೆ ‘ನಿಲ್ಲು’. ಈ ಮಾತು ಗೇಟಿನ ಆಚೆ. ಹೆಂಡ್ತಿ ಹತ್ರನೂ ಆಡೋಕೆ ಬರಲ್ಲ ಈಗ ನಂಗೆ.”

“ಮೇಸ್ತ್ರಿ ಯಾವತ್ತೂ ಟೀ ಕೊಡಿಸಿಲ್ವಾ?”

“ಅವರು? ಒಂದು ಸಲ ಸುತ್ತಿಗೆ ಹೆಬ್ಬೆರಳಿಗೆ ಬಿತ್ತು. ಆಗ್ಲೂ ‘ನಿಲ್ಲು’ ಅಂತಾನೇ ಕಿರುಚಿದ್ರು. ಸುತ್ತಿಗೆಗೆ!”

ಈ ಸಲ ಇಬ್ಬರು ಮೂವರು ನಕ್ಕರು. ಒಬ್ಬ ನಗುತ್ತಲೇ ಕಣ್ಣೊರೆಸಿಕೊಂಡ.

“ಮ್ಯಾನೇಜರ್ ಕೊಡಿಸ್ತಾರಾ?”

“ಅವರು ಟೀ ಕುಡಿಯೋದು ಆಫೀಸಲ್ಲಿ. ಫ್ಯಾನಿನ ಕೆಳಗೆ.”

“ಸರಿ. ನೀವೆಲ್ಲಿದ್ರಿ ಅದು ಹೇಳಿ.”

“ಡೋಜರ್ ಮೇಲೆ. ಬ್ಲೇಡ್ ಎತ್ತಿದ್ದೆ, ಲೋಡರ್ ಕಡೆ ಧಡ್ ಅಂತು. ಎಂಜಿನ್ ಓಡ್ತಿರೋ ಹಾಗೇ ಧುಮುಕಿ ಓಡಿದೆ. ಮೇಸ್ತ್ರಿಗೆ ಗೊತ್ತಾದ್ರೆ ಅದಕ್ಕೂ ಬೈತಿದ್ರು. ಜಾಕ್ ಕೊಟ್ಟು ತೋಳೆತ್ತಿ ಹೊರಗೆ ಎಳೆದ್ವಿ, ಸುತ್ತ ಏನಿದೆ ಅಂತ ಯಾರೂ ನೋಡ್ಲಿಲ್ಲ. ಅಷ್ಟೊತ್ತಿಗೆ ಅಳಿಯ ಸ್ಟೋರ್ ಕಡೆಯಿಂದ ಓಡಿ ಬಂದ. ಎಲ್ರೂ ಟೆಂಪೋ ಹತ್ತಿ ಆಸ್ಪತ್ರೆಗೆ. ಅಷ್ಟರಲ್ಲೇ ಮುಗಿದಿತ್ತು, ವಾಪಸ್ ಬಂದ್ವಿ.”

“ಎಲ್ರೂ?”

“ಮ್ಯಾನೇಜರ್ ಒಬ್ರು ಉಳಿದ್ರು, ಪೊಲೀಸಿಗೆ ಹೇಳ್ತೀನಿ ಅಂತ. ಪುಣ್ಯಾತ್ಮ, ನನ್ನ ಡೋಜರನ್ನೂ ಆಫ್ ಮಾಡಿ ಬ್ಲೇಡ್ ಇಳಿಸಿದ್ರು. ಇಳಿಸೋಕೆ ಬಂದ್ರೆ ತಾನೆ! ಒಂದು ಮೂಲೆ ನೆಲಕ್ಕೇ ಕೂತಿಲ್ಲ. ಗಾಡಿ ನಿಲ್ಲಿಸಿದ್ರೆ ಬ್ಲೇಡ್ ಪೂರ್ತಿ ನೆಲಕ್ಕೆ ಕೂರಬೇಕು. ಇಷ್ಟೂ ಗೊತ್ತಿಲ್ದೆ ಇವರು ನಮಗೆ ಮ್ಯಾನೇಜರು.”

ಇನ್ಸ್‌ಪೆಕ್ಟರ್ ಅಲ್ಲಿಂದ ಹೊರಟಳು.

* * *

ಅವಳು ಮೊದಲು ಹೋದದ್ದು ಚಿಕ್ಕ ಲೋಡರಿನ ಹತ್ತಿರ. ಊರುಗೋಲನ್ನು ಕೊಂಡಿಗೆ ಬಿಗಿದಿದ್ದ ತಂತಿ ಬಿಚ್ಚಿ, ಒಂದು ಕೈ ಹಾಕಿ ಎತ್ತಿದಳು. ಅಲ್ಲಾಡಲಿಲ್ಲ. ಪೇದೆ ಬಂದ. ಅವನು ಒಳ್ಳೆಯ ಕಟ್ಟುಮಸ್ತಾದ ಆಳು. ಅವನೂ ಎರಡು ಕೈ ಹಾಕಿ, ಮೊಣಕಾಲು ಕೊಟ್ಟು, ಮುಕ್ಕಿರಿದ ಮೇಲೆ ಅದು ಕೊಂಡಿಯಿಂದ ಎದ್ದಿತು.

ತಂತಿ ಕಟ್ಟಿದ್ದು ಯಾಕೆಂದು ಈಗ ಕಂಡಿತು. ಪಿನ್ನು ಹಾಕುವ ತೂತು ಕೊಂಡಿಯ ತೂತಿಗೆ ಹೊಂದಿರಲೇ ಇಲ್ಲ.

ದೊಡ್ಡ ಲೋಡರ್ ಗೋಡೆಯ ಬದಿಗೆ ನಿಂತಿತ್ತು. ಅದರ ಕೊಂಡಿ ಖಾಲಿ. ಗಾಡಿಯ ಮೈಯೆಲ್ಲ ಬೆರಳು ಹುಗಿಯುವಷ್ಟು ಧೂಳು. ಊರುಗೋಲು ಇರಬೇಕಾದ ಜಾಗ ಮಾತ್ರ ಆಗ ತಾನೇ ಒರೆಸಿದ ಹಾಗೆ ಹಳದಿಯಾಗಿತ್ತು.

“ಮ್ಯಾನೇಜರನ್ನ ಕರೆದುಕೊಂಡು ಬಾ,” ಎಂದಳು ಪೇದೆಗೆ. “ಅಳಿಯನನ್ನೂ. ಗೊಣಗಪ್ಪನವರೇ, ನಿಮ್ಮ ಡೋಜರ್ ಬ್ಲೇಡ್ ಸ್ವಲ್ಪ ಎತ್ತಿ.”

ಗೊಣಗಪ್ಪ ಏಣಿಗೆ ಮುಖ ಮಾಡಿ, ಎರಡೂ ಕೈಯಲ್ಲಿ ಹಿಡಿದು ಹತ್ತಿದ. ಹಾರ್ನ್ ಹೊಡೆದ. ಎದುರಿಗಿದ್ದವರು ದೂರ ಸರಿದರು. ಬ್ಲೇಡ್ ಮೇಲೆದ್ದಿತು.

ಕೆಳಗಿನ ಸಡಿಲು ಮಣ್ಣಿನಲ್ಲಿ ಒಂದು ಕೊಳವೆ ಅರ್ಧ ಹೂತಿತ್ತು. ಕೆಂಪು ಬಣ್ಣ, ನಡುವೆ ಮೊಣಕೈಯಂತೆ ಮಡಿಸಿಕೊಂಡಿತ್ತು. ಪಿನ್ನು ಇನ್ನೂ ಅದರಲ್ಲೇ ಇತ್ತು.

“ಇದೇ!” ಅಳಿಯ ಕೂಗಿದ. “ನಾನು ಎತ್ತಿ ಕೊಟ್ಟಿದ್ದು ಇದನ್ನೇ! ಕಂಪನಿಯ ಹೊಸ ಮಾದರಿ, ಹಗುರ ಆದ್ರೂ ಗಟ್ಟಿ ಅಂತ ಮ್ಯಾನೇಜರೇ ತಂದ್ಕೊಟ್ಟಿದ್ರು.”

“ಯಾವುದೋ ಹಳೇ ಪೈಪು,” ಎಂದ ಮ್ಯಾನೇಜರ್. “ಇಂಥವು ನೂರು ಬಿದ್ದಿರುತ್ತೆ ಬಿಡಿ.”

“ಟೀ ನಿಮ್ದು,” ಎಂದಳು ಇನ್ಸ್‌ಪೆಕ್ಟರ್.

“ಏನು?”

“ಗೊತ್ತಿಲ್ಲ ಅಲ್ವಾ? ಅಲ್ಲೇ ನೀವು ಎಡವಿದ್ದು. ಬಿಡು ಅನ್ನೋ ಮಾತಿಗೆ ಎರಡು ಅರ್ಥ ಅಂತ ನಿಮಗೆ ಹೊಳೀತು. ಒಳ್ಳೇ ಕಥೆ ಹೆಣೆದ್ರಿ. ಆದ್ರೆ ಅದೇ ಕಾರಣಕ್ಕೆ ಆ ಮಾತನ್ನ ಈ ಅಂಗಳದಿಂದ ಓಡಿಸಿದ್ದು ಮೇಸ್ತ್ರಿ. ಸತ್ತರೂ ಅವರು ಆ ಮಾತು ಆಡ್ತಿರ್ಲಿಲ್ಲ.”

“ಪ್ರಾಣ ಹೋಗೋವಾಗ ಯಾವ ಮಾತು ಬರುತ್ತೆ ಅಂತ ಯಾರಿಗೆ ಗೊತ್ತು?”

“ನಿಜ. ಕೋರ್ಟಲ್ಲಿ ಅದು ನಿಲ್ಲಲ್ಲ. ಅದಕ್ಕೇ ಗಾಡಿ ಹತ್ರ ಹೋದೆ. ಗೊಣಗಪ್ಪನವರೇ, ಲಿವರಿಂದ ತೋಳು ಇಳಿಸಿದ್ರೆ ಸಿಲಿಂಡರಿನ ಎಣ್ಣೆ ಎಲ್ಲಿಗೆ ಹೋಗುತ್ತೆ?”

“ಟ್ಯಾಂಕಿಗೆ. ಇನ್ನೆಲ್ಲಿಗೆ?”

“ಇಲ್ಲಿ ನೆಲದ ಮೇಲಿದೆ.” ಅವಳು ಕಪ್ಪು ಮಡುವನ್ನು ತೋರಿಸಿದಳು. “ಪೈಪಿನ ನಟ್ಟು ಬಿಚ್ಚಿದೆ. ಸ್ಪ್ಯಾನರ್ ಇನ್ನೂ ಅದಕ್ಕೆ ಕಚ್ಚಿಕೊಂಡಿದೆ. ಯಾರೂ ಲಿವರ್ ಮುಟ್ಟಿಲ್ಲ. ಎಣ್ಣೆ ಹೊರಗೆ ಹೋಯ್ತು, ತೋಳಿನ ಪೂರ್ತಿ ಭಾರ ಊರುಗೋಲಿನ ಮೇಲೆ ಬಂತು. ಊರುಗೋಲು ಮಡಚಿಕೊಳ್ತು. ಸುತ್ತಿಗೆಗೂ ‘ನಿಲ್ಲು’ ಅನ್ನೋ ಮನುಷ್ಯ ಊರುಗೋಲು ಕೊಡದೆ ಈ ನಟ್ಟು ಬಿಚ್ತಾರಾ?”

ಮ್ಯಾನೇಜರ್ ಕರವಸ್ತ್ರವನ್ನು ಮಡಿಸುತ್ತಿದ್ದ. ಬಿಚ್ಚಿ ಮತ್ತೆ ಮಡಿಸುತ್ತಿದ್ದ.

“ಎಲ್ಲರೂ ಟೆಂಪೋ ಹತ್ತಿದ್ರು. ನೀವು ಮುರಿದ ಪೈಪನ್ನ ಡೋಜರ್ ಮುಂದೆ ಮಣ್ಣಲ್ಲಿ ಹಾಕಿದ್ರಿ. ಹೇಗೂ ಎಂಜಿನ್ ಓಡ್ತಿತ್ತು. ಮೇಲೆ ಬ್ಲೇಡ್ ಇಳಿಸಿ ಆಫ್ ಮಾಡಿದ್ರಿ. ದೊಡ್ಡ ಗಾಡಿಯ ಊರುಗೋಲು ಹೊತ್ತು ತಂದು ಚಿಕ್ಕದಕ್ಕೆ ಕಟ್ಟಿದ್ರಿ. ಎರಡರ ಅಳತೆ ಬೇರೆ. ತಂತಿ ಸುತ್ತಬೇಕಾಯ್ತು. ಇವನು ಒಂದು ಕೈಲಿ ಎತ್ತಿ ಕೊಟ್ಟೆ ಅಂದದ್ದನ್ನ ನಮ್ಮ ಪೇದೆ ಎರಡು ಕೈಲಿ ಎತ್ತೋಕೆ ಒದ್ದಾಡಿದ. ಚಿಕ್ಕ ಗಾಡಿಯ ಅಸಲಿ ಊರುಗೋಲು ಏನಾಯ್ತು?”

ಮ್ಯಾನೇಜರ್ ನೆಲ ನೋಡುತ್ತ ಹೇಳಿದ.

“ಹೋದ ವಾರ ಊಟದ ಹೊತ್ತಲ್ಲಿ ಲಾರಿ ಬಂತು. ತುಂಬಿಸೋಕೆ ಅಳಿಯ ಇರ್ಲಿಲ್ಲ. ನಾನೇ ಈ ಲೋಡರ್ ಹತ್ತಿದೆ. ಊರುಗೋಲು ತೋಳಲ್ಲೇ ಇತ್ತು, ನೋಡ್ಲಿಲ್ಲ. ಲಿವರ್ ಒತ್ತಿದೆ, ಎಂಜಿನ್ ಜೋರಿಗೆ ಅದು ಬಾಗಿಹೋಯ್ತು. ಯಜಮಾನರಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ ಅಂತ... ನೀರಿನ ಪೈಪಲ್ಲಿ ಒಂದು ಮಾಡಿಸಿದೆ. ಅದು ಬರೀ ತೋರಿಕೆಗೆ ಇರೋದು ಅಂದ್ಕೊಂಡಿದ್ದೆ.”

“ಯಾವುದು ತೋರಿಕೆಗೆ?” ಗೊಣಗಪ್ಪ ಡೋಜರಿನ ಮೇಲಿಂದಲೇ ಕೇಳಿದ. ಅವನ ದನಿಯಲ್ಲಿ ಗೊಣಗಾಟವಿರಲಿಲ್ಲ.

ಮ್ಯಾನೇಜರನ್ನು ಜೀಪಿಗೆ ಹತ್ತಿಸಿದರು.

* * *

ಅತ್ತೆಗೆ ಇನ್ಸ್‌ಪೆಕ್ಟರೇ ಫೋನ್ ಮಾಡಿದಳು. ನಡೆದದ್ದನ್ನು ಇದ್ದ ಹಾಗೆ ಹೇಳಿದಳು.

“ಅವನಿಗೆ ಮನೆಗೆ ಬರೋಕೆ ಹೇಳಿ,” ಎಂದಿತು ಆ ಕಡೆಯಿಂದ ಒಂದು ಒಣ ದನಿ. “ಅವರ ಇನ್ನೊಂದು ಬೂಟು ಅಲ್ಲೇ ಇರ್ಬೇಕು. ತರೋಕೆ ಹೇಳಿ.”

ಪೇದೆ ಇನ್ನೂ ಅಳಿಯನ ರಟ್ಟೆ ಹಿಡಿದೇ ನಿಂತಿದ್ದ. ಸ್ಟೋರಿನಿಂದ ಕರೆತರುವಾಗ ಹಿಡಿದದ್ದು, ಮರೆತೇ ಹೋಗಿತ್ತು.

“ಅವನನ್ನ ಬಿಡು,” ಎಂದಳು ಇನ್ಸ್‌ಪೆಕ್ಟರ್.

ಪೇದೆ ಕೈ ತೆಗೆದ. ಅಳಿಯ ಹೋಗಿ ಎಣ್ಣೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ. ಬೂಟನ್ನು ಎತ್ತಿಕೊಂಡು ಅಂಗಿಯ ತುದಿಯಿಂದ ಒರೆಸತೊಡಗಿದ.

ಗೊಣಗಪ್ಪ ಗಂಟಲು ಸರಿಮಾಡಿಕೊಂಡ. “ಮೇಡಂ...”

“ಗೊತ್ತು,” ಎಂದಳು ಅವಳು. “ಎಲ್ಲರಿಗೂ ಟೀ ಹೇಳಿ. ಅವನಿಗೆ ಮೊದಲು.”